ಗಾಂಜಾ ಪ್ರಕರಣದಲ್ಲಿ ಹತ್ತು ವರ್ಷ ಸಜೆ: ಮೇಲ್ಮನವಿಯಲ್ಲಿ ಏನು ಸಾಧ್ಯ?

ಪ್ರಶ್ನೆ: ನನ್ನ ತಮ್ಮನಿಗೆ ಈಗ ಇಪ್ಪತ್ತಾರು ವರ್ಷ. 2022ರ ಮಾರ್ಚಿನಲ್ಲಿ ಬಸ್ಸಿನಲ್ಲಿ ಬರುತ್ತಿದ್ದಾಗ ಪೊಲೀಸರು ತಡೆದು, ಅವನ ಬಳಿಯಿದ್ದ ಎರಡು ಬ್ಯಾಗುಗಳಲ್ಲಿ 21 ಕೆ.ಜಿ. 400 ಗ್ರಾಂ ಗಾಂಜಾ ಸಿಕ್ಕಿತೆಂದು ಕೇಸು ಹಾಕಿದರು. ಅಂದಿನಿಂದ ಜಾಮೀನು ಸಿಗಲಿಲ್ಲ. ಈಗ ವಿಶೇಷ ನ್ಯಾಯಾಲಯವು ಹತ್ತು ವರ್ಷ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡ, ದಂಡ ಕಟ್ಟದಿದ್ದರೆ ಇನ್ನೊಂದು ವರ್ಷ ಸಜೆ ವಿಧಿಸಿದೆ. ತೀರ್ಪು ಬಂದು ಐದು ವಾರಗಳಾದವು. ಪಂಚರಿಬ್ಬರೂ ನ್ಯಾಯಾಲಯದಲ್ಲಿ ತಮಗೇನೂ ಗೊತ್ತಿಲ್ಲ ಎಂದರು, ಆದರೂ ಶಿಕ್ಷೆಯಾಯಿತು. ಪೊಟ್ಟಣಗಳನ್ನು ಗೋಣಿಚೀಲದ ಸಮೇತ ತೂಗಿದರೆಂದು ತಮ್ಮ ಹೇಳುತ್ತಾನೆ. ಮೇಲ್ಮನವಿ ಹಾಕಿದರೆ ಶಿಕ್ಷೆ ಇನ್ನೂ ಹೆಚ್ಚಾಗಬಹುದೆಂದು ಕೆಲವರು ಹೆದರಿಸುತ್ತಿದ್ದಾರೆ. ಬಡ ಕುಟುಂಬ, ಮೊದಲ ತಪ್ಪು ಎಂದು ಕೇಳಿಕೊಂಡರೆ ಕಡಿಮೆ ಮಾಡುವುದಿಲ್ಲವೇ? ಸನ್ನಡತೆಯ ಮೇಲೆ ಬೇಗ ಬಿಡುವುದಿಲ್ಲವೇ? ಮೇಲ್ಮನವಿ ಮುಗಿಯುವವರೆಗಾದರೂ ಅವನನ್ನು ಹೊರಗೆ ತರಬಹುದೇ?
— ಹೆಸರು ಬೇಡ, ಬಳ್ಳಾರಿ ಜಿಲ್ಲೆ

ಉತ್ತರ: ಮೊದಲು ದಿನಗಳ ಲೆಕ್ಕ ನೋಡಿಕೊಳ್ಳಿ. ವಿಶೇಷ ನ್ಯಾಯಾಲಯದ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಹೋಗಲು ಕಾಲಮಿತಿ ಕಾಯ್ದೆಯ ಪ್ರಕಾರ 60 ದಿನಗಳಿವೆ. ತೀರ್ಪಿನ ದೃಢೀಕೃತ ಪ್ರತಿಗೆ ಅರ್ಜಿ ಕೊಟ್ಟ ದಿನದಿಂದ ಪ್ರತಿ ಸಿದ್ಧವಾಗುವ ದಿನದವರೆಗಿನ ಅವಧಿ ಇದರಲ್ಲಿ ಸೇರುವುದಿಲ್ಲ. ಆದರೂ ಐದು ವಾರ ಕಳೆದಿರುವುದರಿಂದ ಇನ್ನು ಕಾಯುವುದು ಬೇಡ. ಸಜೆಯಾದವನಿಗೆ ತೀರ್ಪಿನ ಒಂದು ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಅದು ನಿಮ್ಮ ತಮ್ಮನ ಕೈಗೆ ಬಂದಿದೆಯೇ ಎಂದು ಈ ವಾರದ ಭೇಟಿಯಲ್ಲಿಯೇ ಕೇಳಿ. ಬಳ್ಳಾರಿ ಜಿಲ್ಲೆಯ ಪ್ರಕರಣಗಳು ಹೈಕೋರ್ಟಿನ ಧಾರವಾಡ ಪೀಠದ ವ್ಯಾಪ್ತಿಗೆ ಬರುತ್ತವೆ. ಬೆಂಗಳೂರಿಗೆ ಅಲೆಯುವ ಅಗತ್ಯವಿಲ್ಲ. ವಕಾಲತ್ತಿಗೆ ತಮ್ಮ ಜೈಲಿನಲ್ಲಿಯೇ ಸಹಿ ಮಾಡಿ, ಕಾರಾಗೃಹದ ಅಧಿಕಾರಿಯ ದೃಢೀಕರಣ ಪಡೆದು ಕಳುಹಿಸಬಹುದು.

ಶಿಕ್ಷೆ ಹೆಚ್ಚಾಗುತ್ತದೆ ಎಂಬ ಭಯದಿಂದ ಎಷ್ಟೋ ಕುಟುಂಬಗಳು ಮೇಲ್ಮನವಿಯನ್ನೇ ಕೈಬಿಡುತ್ತವೆ. ಇದು ನನಗೆ ನಿಜಕ್ಕೂ ನೋವು ತರುವ ವಿಷಯ. ಅಪರಾಧಿ ತಾನೇ ಸಲ್ಲಿಸಿದ ಮೇಲ್ಮನವಿಯಲ್ಲಿ ನ್ಯಾಯಾಲಯವು ಶಿಕ್ಷೆಯನ್ನು ಎತ್ತಿಹಿಡಿಯಬಹುದು, ಇಳಿಸಬಹುದು, ರದ್ದುಪಡಿಸಬಹುದು, ಮರುವಿಚಾರಣೆಗೆ ಕಳುಹಿಸಲೂಬಹುದು, ಆದರೆ ಹೆಚ್ಚಿಸುವಂತಿಲ್ಲ. ಶಿಕ್ಷೆ ಹೆಚ್ಚಬೇಕಾದರೆ ಸರ್ಕಾರವು ಅದಕ್ಕೆಂದೇ ಪ್ರತ್ಯೇಕ ಮೇಲ್ಮನವಿ ಹಾಕಬೇಕು, ಇಲ್ಲವೇ ಹೈಕೋರ್ಟ್ ತನ್ನ ಪರಿಷ್ಕರಣಾ ಅಧಿಕಾರ ಬಳಸಿ ಮುಂಚಿತವಾಗಿ ನೋಟಿಸು ಕೊಟ್ಟು ನಿಮ್ಮ ವಾದವನ್ನು ಕೇಳಬೇಕು. ನಿಮ್ಮ ತಮ್ಮನಿಗೆ ಆಗಿರುವುದು ಆ ಕಲಮಿನ ಕನಿಷ್ಠ ಶಿಕ್ಷೆ. ಹೀಗಿರುವಾಗ ಭಯಕ್ಕೆ ಕಾರಣವಿಲ್ಲ.

ಕನಿಷ್ಠ ಎಂದೆ, ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲಿಯೇ. ಮಾದಕವಸ್ತುಗಳಿಗೆ ಸಂಬಂಧಿಸಿದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಶಿಕ್ಷೆ ನಿಂತಿರುವುದು ತೂಕದ ಮೇಲೆ. ಗಾಂಜಾದ ವಿಷಯದಲ್ಲಿ ಒಂದು ಕೆ.ಜಿ.ವರೆಗಿನದು ಅಲ್ಪ ಪ್ರಮಾಣ. ಅದಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆ ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಇಪ್ಪತ್ತು ಕೆ.ಜಿ.ಗಿಂತ ಹೆಚ್ಚಿನದು ವಾಣಿಜ್ಯ ಪ್ರಮಾಣ. ಅದಕ್ಕೆ ಹತ್ತರಿಂದ ಇಪ್ಪತ್ತು ವರ್ಷ ಸಜೆ ಮತ್ತು ಒಂದರಿಂದ ಎರಡು ಲಕ್ಷ ರೂಪಾಯಿ ದಂಡ. ಇವೆರಡರ ನಡುವಿನದಕ್ಕೆ ಹತ್ತು ವರ್ಷದವರೆಗೆ ಸಜೆ ಮತ್ತು ಒಂದು ಲಕ್ಷದವರೆಗೆ ದಂಡ ಇದೆ, ಆದರೆ ಕನಿಷ್ಠವೆಂಬುದಿಲ್ಲ. ಹಾಗಾಗಿ ಪ್ರಕರಣವು ವಾಣಿಜ್ಯ ಪ್ರಮಾಣದಲ್ಲಿ ನಿಂತಿರುವವರೆಗೆ ಬಡತನ, ವಯಸ್ಸು, ಮೊದಲ ತಪ್ಪು, ಮನೆಯಲ್ಲಿ ಕಾಯಿಲೆಯ ತಾಯಿ, ಇವು ಯಾವುವೂ ಹತ್ತು ವರ್ಷಕ್ಕಿಂತ ಕೆಳಗೆ ಇಳಿಸಲಾರವು. ನ್ಯಾಯಾಧೀಶರಿಗೆ ಮನಸ್ಸಿದ್ದರೂ ಕಾನೂನು ಅವರಿಗೆ ಆ ಅಧಿಕಾರ ಕೊಟ್ಟಿಲ್ಲ. ಅದೇ ಪ್ರಕರಣ ಇಪ್ಪತ್ತು ಕೆ.ಜಿ.ಗೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಈ ಎಲ್ಲ ಸಂಗತಿಗಳಿಗೂ ಬೆಲೆ ಬರುತ್ತದೆ, ಈಗಾಗಲೇ ಅನುಭವಿಸಿರುವ ಸಜೆಯೇ ಸಾಕೆಂದು ಹೇಳುವ ಅವಕಾಶವೂ ಹೈಕೋರ್ಟಿಗೆ ಸಿಗುತ್ತದೆ. ನಿಮ್ಮ ತಮ್ಮನ ಪ್ರಕರಣದಲ್ಲಿ ಆ ಗೆರೆಗೂ ಅವನಿಗೂ ನಡುವೆ ಇರುವುದು 1 ಕೆ.ಜಿ. 400 ಗ್ರಾಂ ಮಾತ್ರ.

ಆದ್ದರಿಂದ ಗೋಣಿಚೀಲದ ಸಮೇತ ತೂಗಿದರು ಎಂಬ ಅವನ ಮಾತನ್ನು ಹಗುರವಾಗಿ ಬಿಡಬೇಡಿ. ಆದರೆ ಅದನ್ನು ಅವನ ಬಾಯಿಂದ ಈಗ ಹೇಳಿಸಿದರೆ ಪ್ರಯೋಜನವಿಲ್ಲ. ಮೇಲ್ಮನವಿ ಎಂದರೆ ಹೊಸ ವಿಚಾರಣೆಯಲ್ಲ. ವಿಚಾರಣಾ ನ್ಯಾಯಾಲಯದ ಕಡತದಲ್ಲಿ ಏನಿದೆಯೋ ಅದನ್ನು ಹೈಕೋರ್ಟ್ ಮತ್ತೆ ಓದಿ ತೂಗಿ ನೋಡುತ್ತದೆ. ಹೆಚ್ಚುವರಿ ಸಾಕ್ಷ್ಯ ಪಡೆಯುವ ಅಧಿಕಾರ ಅದಕ್ಕೆ ಇದ್ದರೂ ಬಳಸುವುದು ಅಪರೂಪ. ಜಪ್ತಿ ಪಂಚನಾಮೆ, ದಾಳಿ ಮಾಡಿದ ಅಧಿಕಾರಿಯ ಮುಖ್ಯ ವಿಚಾರಣೆ ಮತ್ತು ಪಾಟೀ ಸವಾಲು, ತನಿಖಾಧಿಕಾರಿಯ ಹೇಳಿಕೆ, ಮುದ್ದೆಮಾಲು (ವಶಪಡಿಸಿಕೊಂಡ ವಸ್ತು) ನೋಂದಣಿ ಪುಸ್ತಕದ ಪ್ರತಿ, ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ, ಇವುಗಳ ಪ್ರತಿಗಳನ್ನು ಪಡೆದು ಹೊಸ ವಕೀಲರ ಮುಂದೆ ಇಡಿ.

ಪಂಚನಾಮೆಯಲ್ಲಿ ತೂಕದ ಸಾಲನ್ನು ಹುಡುಕಿ. ‘ಪೊಟ್ಟಣಗಳ ಸಮೇತ’ ಎಂದಿದೆಯೇ, ‘ನಿವ್ವಳ’ ಎಂದಿದೆಯೇ, ಅಥವಾ ಎರಡೂ ಇಲ್ಲದೆ ಅಂಕಿಯಷ್ಟೇ ಇದೆಯೇ? ಪ್ಲಾಸ್ಟಿಕ್ ಸುತ್ತು, ಅಂಟುಪಟ್ಟಿ, ಚೀಲ, ಬ್ಯಾಗು ಎಲ್ಲ ಸೇರಿಸಿ ತಕ್ಕಡಿಗೆ ಇಟ್ಟಿದ್ದರೆ ಬರೀ ಗಾಂಜಾದ ತೂಕ ಎಷ್ಟೆಂಬುದು ಸಾಬೀತಾಗಿಲ್ಲ ಎಂದು ವಾದಿಸಬಹುದು. ಅದನ್ನು ಸಾಬೀತುಪಡಿಸಬೇಕಾದ ಹೊಣೆ ಸರ್ಕಾರದ್ದು. ತಕ್ಕಡಿ ಎಲ್ಲಿಂದ ತಂದರು, ತೂಗಿದವರು ಯಾರು, ಅವರನ್ನು ಸಾಕ್ಷಿಯಾಗಿ ಕರೆದರೇ ಎಂಬುದನ್ನೂ ನೋಡಬೇಕು.

ಮುಂದಿನದು ಇನ್ನೂ ಸೂಕ್ಷ್ಮವಾದುದು. ಕಾಯ್ದೆಯ 2ನೇ ಕಲಮಿನ ವ್ಯಾಖ್ಯೆಯಂತೆ ಗಾಂಜಾ ಎಂದರೆ ಆ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿಗಳು. ತುದಿಗಳ ಜೊತೆಗಿಲ್ಲದ ಬೀಜ ಮತ್ತು ಎಲೆಗಳು ಗಾಂಜಾ ಅಲ್ಲ. ವಶಪಡಿಸಿಕೊಂಡದ್ದು ‘ಎಲೆ, ಕಾಂಡ, ಬೀಜ ಮಿಶ್ರಿತ ಒಣ ಸೊಪ್ಪು’ ಎಂದು ಪಂಚನಾಮೆ ಹೇಳುತ್ತಿದ್ದರೆ, ಕಾಂಡವನ್ನೂ ಸೇರಿಸಿ ತೂಗಿ ವಾಣಿಜ್ಯ ಪ್ರಮಾಣ ಎನ್ನುವುದು ಸರಿಯೇ ಎಂಬ ಪ್ರಶ್ನೆ ಏಳುತ್ತದೆ. ಸರ್ಕಾರಿ ವಕೀಲರು 2020ರ ಸುಪ್ರೀಂ ಕೋರ್ಟ್ ತೀರ್ಪನ್ನು ಮುಂದಿಡುತ್ತಾರೆ. ಮಾದಕವಸ್ತುವಿಗೆ ಬೇರೆ ತಟಸ್ಥ ಪದಾರ್ಥ ಬೆರೆಸಿದ್ದರೆ ಇಡೀ ಮಿಶ್ರಣದ ತೂಕವನ್ನು ಪರಿಗಣಿಸಬೇಕೆಂದು ಮೂವರು ನ್ಯಾಯಮೂರ್ತಿಗಳ ಪೀಠ ಅದರಲ್ಲಿ ಹೇಳಿದೆ. ವಸ್ತುವಿಗೆ ಏನನ್ನು ಬೆರೆಸಿದರು ಎಂಬುದು ಒಂದು ಪ್ರಶ್ನೆ, ವಸ್ತು ಮೂಲತಃ ಗಾಂಜಾ ಹೌದೇ ಎಂಬುದು ಇನ್ನೊಂದು. ಇವೆರಡನ್ನು ಕಲಸಿಬಿಡದೆ ಮೇಲ್ಮನವಿಯಲ್ಲಿ ಬೇರೆಬೇರೆ ಆಧಾರಗಳಾಗಿಯೇ ಬರೆಯಬೇಕೆಂದು ನಿಮ್ಮ ವಕೀಲರನ್ನು ವಿನಂತಿಸಿ.

ಮೂರನೆಯದು ಮಾದರಿಯ ಪಯಣ. ಜಪ್ತಿಯ ಜಾಗದಲ್ಲಿ ತೆಗೆದ ಮಾದರಿಯೇ ಪ್ರಯೋಗಾಲಯಕ್ಕೆ ತಲುಪಿತು ಎಂಬುದಕ್ಕೆ ಕೊಂಡಿ ಕಳಚದ ಸಾಕ್ಷ್ಯ ಬೇಕು: ಮೊಹರಿನ ಗುರುತು, ಠಾಣೆಯಲ್ಲಿ ಒಪ್ಪಿಸಿದ ದಿನ, ಅಲ್ಲಿಂದ ಹೊರಟ ದಿನ, ಒಯ್ದ ಸಿಬ್ಬಂದಿ, ಪ್ರಯೋಗಾಲಯ ಪಡೆದಾಗ ಇದ್ದ ತೂಕ. ಪಂಚನಾಮೆಯಲ್ಲಿ 24 ಗ್ರಾಂ ಎಂದಿರುವ ಮಾದರಿ ಎಫ್‌ಎಸ್‌ಎಲ್ ವರದಿಯಲ್ಲಿ 31 ಗ್ರಾಂ ಎಂದಿದ್ದರೆ ಅದು ಸಣ್ಣ ವ್ಯತ್ಯಾಸವಲ್ಲ. 52ಎ ಕಲಮಿನಂತೆ ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ದಾಸ್ತಾನಿನ ಪಟ್ಟಿ ದೃಢೀಕರಿಸಿ ಮಾದರಿ ತೆಗೆಯಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಒತ್ತಿ ಹೇಳಿದೆ. ಹಾಗೆ ಮಾಡಿಲ್ಲವೆಂಬ ಒಂದೇ ಕಾರಣಕ್ಕೆ ಪ್ರಕರಣ ತಾನಾಗಿ ಬಿದ್ದುಹೋಗುವುದಿಲ್ಲ. ಆದರೆ ಮೊಹರು, ತೂಕ, ವಿಳಂಬದ ದೋಷಗಳ ಜೊತೆ ಅದು ಸೇರಿದಾಗ ಸಂಶಯ ಗಟ್ಟಿಯಾಗುತ್ತದೆ.

ಕೆಲವು ವಾದಗಳು ಕೇಳಲು ಚೆನ್ನಾಗಿದ್ದರೂ ನಿಮ್ಮ ಪ್ರಕರಣದಲ್ಲಿ ನಿಲ್ಲಲಾರವು, ಅದನ್ನೂ ಹೇಳಿಬಿಡಬೇಕು. ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಶೋಧನೆಗೆ ಒಳಗಾಗುವ ಹಕ್ಕನ್ನು ಆರೋಪಿಗೆ ತಿಳಿಸಬೇಕೆಂಬ 50ನೇ ಕಲಮನ್ನು ಕಟ್ಟುನಿಟ್ಟಾಗಿ ಪಾಲಿಸಲೇಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠಗಳು ಹೇಳಿರುವುದು ನಿಜ. ಆದರೆ ಅದು ದೇಹದ ಶೋಧನೆಗೆ ಅನ್ವಯಿಸುವ ನಿಯಮ. ಕೈಯಲ್ಲಿದ್ದ ಬ್ಯಾಗಿನಲ್ಲಿ ಸಿಕ್ಕ ವಸ್ತುವಿಗೆ ಅನ್ವಯಿಸದೆಂದು 2005ರಿಂದಲೂ ತೀರ್ಪುಗಳಿವೆ. ಮುನ್ಸೂಚನೆಯನ್ನು ಬರೆದಿಟ್ಟು ಮೇಲಧಿಕಾರಿಗೆ ಕಳುಹಿಸಬೇಕೆಂಬ 42ನೇ ಕಲಮು ಕಟ್ಟಡ, ಖಾಸಗಿ ವಾಹನಗಳಂಥ ಜಾಗಗಳಿಗೆ ಸಂಬಂಧಿಸಿದ್ದು. ಸಾರ್ವಜನಿಕ ಬಸ್ಸು 43ನೇ ಕಲಮಿನ ಸಾರ್ವಜನಿಕ ಸ್ಥಳದಲ್ಲಿ ಸೇರುತ್ತದೆ. ಪಂಚರು ತಿರುಗಿಬಿದ್ದರೆಂಬುದು ಸಹಾಯಕವೇ ಹೊರತು ನಿರ್ಣಾಯಕವಲ್ಲ, ಏಕೆಂದರೆ ಪೊಲೀಸ್ ಸಾಕ್ಷಿಗಳ ಮಾತು ನಂಬಲರ್ಹವಾಗಿದ್ದರೆ ಅದರ ಮೇಲೆಯೇ ಶಿಕ್ಷೆ ವಿಧಿಸಬಹುದೆಂಬುದು ಸ್ಥಾಪಿತ ನಿಯಮ. ಆದರೆ ಪಂಚರ ಬೆಂಬಲವಿಲ್ಲದಾಗ ಪೊಲೀಸರ ಹೇಳಿಕೆಗಳಲ್ಲಿರುವ ಬಿರುಕುಗಳನ್ನು ಇನ್ನಷ್ಟು ಎಚ್ಚರದಿಂದ ನೋಡಿ ಎಂದು ಕೇಳುವುದು ನ್ಯಾಯವೇ. ತಮ್ಮನ ತಪ್ಪೊಪ್ಪಿಗೆಯೆಂದು 67ನೇ ಕಲಮಿನ ಹೇಳಿಕೆ ಯಾವುದಾದರೂ ಕಡತದಲ್ಲಿದ್ದು ತೀರ್ಪು ಅದನ್ನು ಅವಲಂಬಿಸಿದ್ದರೆ, ಅಂಥದ್ದನ್ನು ತಪ್ಪೊಪ್ಪಿಗೆಯಾಗಿ ಬಳಸುವಂತಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ.

ಇನ್ನು ಹೊರಗೆ ತರುವ ವಿಷಯ. ಮೇಲ್ಮನವಿಯ ಜೊತೆಗೆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡುವಂತೆ ಅರ್ಜಿ ಹಾಕಬಹುದು. ಇದಕ್ಕೆ ಆಧಾರ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 389ನೇ ಕಲಮು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 430ನೇ ಕಲಮು. ಎನ್‌ಡಿಪಿಎಸ್ ಕಾಯ್ದೆಯ 32ಎ ಕಲಮು ಇದನ್ನು ಪೂರ್ತಿ ತಡೆದಿತ್ತು. ನ್ಯಾಯಾಲಯದ ಅಮಾನತಿನ ಅಧಿಕಾರವನ್ನು ಹಾಗೆ ಕಿತ್ತುಕೊಳ್ಳುವಂತಿಲ್ಲವೆಂದು 2000ದಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ಹೊಡೆದುಹಾಕಿತು. ಆದರೂ ವಾಣಿಜ್ಯ ಪ್ರಮಾಣವಿದ್ದಾಗ 37ನೇ ಕಲಮಿನ ಷರತ್ತುಗಳು ಉಳಿಯುತ್ತವೆ: ಇವನು ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆ, ಹೊರಗೆ ಬಂದರೆ ಮತ್ತೆ ಇಂಥ ಅಪರಾಧ ಮಾಡಲಾರ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಆದ್ದರಿಂದ ಅಮಾನತಿನ ಅರ್ಜಿಯಲ್ಲಿ ಕುಟುಂಬದ ಕಷ್ಟಕ್ಕಿಂತ ಮೊದಲು ತೂಕ ಮತ್ತು ಮಾದರಿಯ ದೋಷಗಳು ಬರಬೇಕು. ಬಂಧನವಾದ ದಿನದಿಂದ ಎಷ್ಟು ವರ್ಷ ಒಳಗಿದ್ದಾನೆ, ಮೇಲ್ಮನವಿ ಬೇಗ ವಿಚಾರಣೆಗೆ ಬರುವ ಲಕ್ಷಣವಿದೆಯೇ ಎಂಬುದನ್ನೂ ಅದೇ ಅರ್ಜಿಯಲ್ಲಿ ಹೇಳಬೇಕು. ಮೊದಲ ಸಲ ತಿರಸ್ಕಾರವಾದರೆ ಎದೆಗುಂದದೆ, ಸಜಾ ಬಂದಿಯ ಮೇಲ್ಮನವಿಯೆಂಬ ಕಾರಣಕ್ಕೆ ಶೀಘ್ರ ವಿಚಾರಣೆಗೆ ಅರ್ಜಿ ಹಾಕಿಸಿ.

ಸನ್ನಡತೆಯ ಮಾಫಿಯನ್ನು ನಂಬಿ ವರ್ಷಗಳ ಲೆಕ್ಕ ಹಾಕಬೇಡಿ, ಏಕೆಂದರೆ 32ಎ ಕಲಮಿನ ಆ ಭಾಗ ಇನ್ನೂ ಜೀವಂತವಾಗಿದೆ. ಈ ಕಾಯ್ದೆಯಡಿ ಸಜೆಯಾದವರಿಗೆ ಸಜೆ ಮಾಫಿ ಇಲ್ಲ. ಪೆರೋಲಿಗೆ ಆ ಕಲಮು ಅಡ್ಡಿಯಲ್ಲವೆಂದು 2000ದ ಅದೇ ತೀರ್ಪು ಹೇಳಿದೆ. ಬಂಧನದ ದಿನದಿಂದ ವಿಚಾರಣಾಧೀನನಾಗಿ ಕಳೆದ ಅವಧಿಯೆಲ್ಲ ಹತ್ತು ವರ್ಷದಲ್ಲಿ ವಜಾ ಆಗುತ್ತದೆ. ಆದರೆ ದಂಡ ತಪ್ಪಿದ್ದಕ್ಕಾಗಿ ಬರುವ ಒಂದು ವರ್ಷ ಇದರಲ್ಲಿ ವಜಾ ಆಗದು, ಹತ್ತರ ನಂತರ ಪ್ರತ್ಯೇಕವಾಗಿ ಅನುಭವಿಸಬೇಕು. ಒಂದು ಲಕ್ಷ ಹೊಂದಿಸಲಾಗದ ಬಡವರಿಗೆ ಇದೇ ದೊಡ್ಡ ಹೊರೆ. ಅಪರಾಧ ನಿರ್ಣಯ ಉಳಿದರೂ ಈ ಒಂದು ವರ್ಷವನ್ನು ತಗ್ಗಿಸಿ ಎಂಬ ಪರ್ಯಾಯ ಕೋರಿಕೆಯನ್ನು ಮೇಲ್ಮನವಿಯಲ್ಲಿ ತಪ್ಪದೆ ಸೇರಿಸಿ; 2007ರ ಇಂಥದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದಂಡ ತಪ್ಪಿದ್ದಕ್ಕೆ ವಿಧಿಸಿದ್ದ ಮೂರು ವರ್ಷವನ್ನು ಆರು ತಿಂಗಳಿಗೆ ಇಳಿಸಿತ್ತು. ಬಡತನದ ಮಾತಿಗೆ ಈ ಪ್ರಕರಣದಲ್ಲಿ ಇರುವ ಸರಿಯಾದ ಜಾಗ ಇದು.

‘ಮೇಲೆ ಮಾತಾಡಿ ಬಿಡಿಸಿಕೊಡುತ್ತೇವೆ’ ಎಂದು ಹಣ ಕೇಳುವವರು ಇಂಥ ಸಮಯದಲ್ಲಿ ಮನೆ ಹುಡುಕಿಕೊಂಡು ಬರುತ್ತಾರೆ. ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಆ ಹಣವನ್ನು ಸಾಕ್ಷಿ ಹೇಳಿಕೆಗಳ ಪ್ರತಿಗಳಿಗೆ ಖರ್ಚು ಮಾಡಿ.

ಪ್ರಶ್ನೆ: ನನ್ನ ಮಗನಿಗೆ ಇಪ್ಪತ್ತು ವರ್ಷ, ಕಾಲೇಜಿನಲ್ಲಿ ಓದುತ್ತಿದ್ದಾನೆ. ಅವನ ಬಳಿ 300 ಗ್ರಾಂ ಗಾಂಜಾ ಸಿಕ್ಕಿತ್ತು. ಒಪ್ಪಿಕೊಂಡರೆ ದಂಡ ಕಟ್ಟಿಸಿಕೊಂಡು ಬಿಡುತ್ತಾರೆಂದು ಯಾರೋ ಹೇಳಿದ್ದರಿಂದ ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಕೊಂಡ. ಆರು ತಿಂಗಳು ಸಜೆ, ಐದು ಸಾವಿರ ದಂಡ ಆಗಿದೆ. ಸದ್ಯ ಜಾಮೀನಿನ ಮೇಲಿದ್ದಾನೆ. ಒಪ್ಪಿಕೊಂಡ ಮೇಲೆ ಮೇಲ್ಮನವಿ ಇಲ್ಲವೇ?
— ಒಬ್ಬ ತಾಯಿ

ಉತ್ತರ: ಇದೆ, ಆದರೆ ಬಾಗಿಲು ಕಿರಿದು. ತಾನಾಗಿ ತಪ್ಪೊಪ್ಪಿಕೊಂಡವನು ಶಿಕ್ಷೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆಯನ್ನು ಮಾತ್ರ ಪ್ರಶ್ನಿಸಬಹುದು, ಅಪರಾಧ ನಿರ್ಣಯವನ್ನಲ್ಲ. ಮೇಲ್ಮನವಿ ಹೋಗಬೇಕಾದದ್ದು ಸೆಷನ್ಸ್ ನ್ಯಾಯಾಲಯಕ್ಕೆ, 30 ದಿನಗಳ ಒಳಗೆ. ಶಿಕ್ಷೆ ಮೂರು ವರ್ಷ ಮೀರದೆ, ಅಪರಾಧಿ ಜಾಮೀನಿನ ಮೇಲಿದ್ದರೆ, ಮೇಲ್ಮನವಿ ಸಲ್ಲಿಸುವಷ್ಟು ಕಾಲ ಶಿಕ್ಷೆ ನೀಡಿದ ನ್ಯಾಯಾಲಯವೇ ಅವನನ್ನು ಹೊರಗಿರಲು ಬಿಡುತ್ತದೆ. ನಿಮ್ಮ ಮಗನಿಗೆ ಸಿಕ್ಕಿರುವುದು ಇದೇ ಅವಕಾಶವಾಗಿರಬೇಕು. ಅದು ಮುಗಿಯುವ ದಿನಾಂಕವನ್ನು ಆದೇಶದಲ್ಲಿ ನೋಡಿಕೊಳ್ಳಿ, ಏಕೆಂದರೆ ಅಷ್ಟರೊಳಗೆ ಸೆಷನ್ಸ್ ನ್ಯಾಯಾಲಯದಿಂದ ಅಮಾನತಿನ ಆದೇಶ ಬರದಿದ್ದರೆ ಅವನು ಶರಣಾಗಬೇಕಾಗುತ್ತದೆ.

ಅಲ್ಪ ಪ್ರಮಾಣಕ್ಕೆ ಸಜೆ ‘ಅಥವಾ’ ದಂಡ ಎಂದು ಕಾಯ್ದೆ ಹೇಳಿರುವುದರಿಂದ ಸಜೆಯನ್ನು ತೆಗೆದು ದಂಡವನ್ನಷ್ಟೇ ಉಳಿಸುವ ಅಧಿಕಾರ ಸೆಷನ್ಸ್ ನ್ಯಾಯಾಲಯಕ್ಕೆ ಇದೆ. ವಯಸ್ಸು, ಓದು, ಹಿಂದೆ ಯಾವ ಪ್ರಕರಣವೂ ಇಲ್ಲದಿರುವುದು, ತಾನೇ ಒಪ್ಪಿಕೊಂಡದ್ದು, ಹಿಂದಿನ ಪ್ರಶ್ನೆಯ ಯುವಕನಿಗೆ ಒದಗದ ಈ ಕಾರಣಗಳೆಲ್ಲ ನಿಮ್ಮ ಮಗನಿಗೆ ಒದಗುತ್ತವೆ. ಸಜೆಯ ಬದಲು ಸನ್ನಡತೆಯ ಮುಚ್ಚಳಿಕೆಯ ಮೇಲೆ ಪ್ರೊಬೇಷನ್ ಕಾಯ್ದೆಯಡಿ ಬಿಡಿ ಎಂದು ಕೇಳಲಾಗದು; ಹದಿನೆಂಟು ತುಂಬಿದವರಿಗೆ, ಸೇವನೆಯಂಥ ಒಂದೆರಡು ಅಪರಾಧಗಳನ್ನು ಬಿಟ್ಟು, 33ನೇ ಕಲಮು ಅದನ್ನು ನಿಷೇಧಿಸಿದೆ. ಆದರೆ ಮಗನಿಗೆ ವ್ಯಸನವಿದ್ದರೆ, ಮುಚ್ಚಿಡದೆ ಹೇಳುವುದೇ ಅವನಿಗೆ ಒಳ್ಳೆಯದು. ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಪ್ಪಿತಸ್ಥನಾದ ವ್ಯಸನಿಯನ್ನು, ಅವನ ಒಪ್ಪಿಗೆಯೊಂದಿಗೆ, ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಕೇಂದ್ರದಲ್ಲಿ ವ್ಯಸನಮುಕ್ತಿ ಚಿಕಿತ್ಸೆಗೆ ಬಿಡುಗಡೆ ಮಾಡಲು 39ನೇ ಕಲಮು ಅವಕಾಶ ಕೊಟ್ಟಿದೆ. ಮುಚ್ಚಳಿಕೆ ಬರೆದುಕೊಟ್ಟು, ಒಂದು ವರ್ಷದೊಳಗೆ ಚಿಕಿತ್ಸೆಯ ಫಲಿತಾಂಶದ ವರದಿಯನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು. ಕೆಳ ನ್ಯಾಯಾಲಯ ಈ ಸಾಧ್ಯತೆಯನ್ನು ಪರಿಗಣಿಸಲೇ ಇಲ್ಲವೆಂಬುದನ್ನು ಮೇಲ್ಮನವಿಯ ಒಂದು ಆಧಾರವಾಗಿ ಎತ್ತಬಹುದು. ಚಿಕಿತ್ಸೆಯನ್ನು ಆದೇಶಕ್ಕಾಗಿ ಕಾಯದೆ ಈಗಲೇ ಆರಂಭಿಸಿ, ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಹೇಗೆ ದಾಖಲಿಸಿದೆ ಎಂದೂ ನೋಡಿಸಿ. ಆರೋಪವನ್ನು ವಿವರಿಸಿ, ಆರೋಪಿಯ ಮಾತುಗಳನ್ನು ಆದಷ್ಟು ಅವನದೇ ಮಾತಿನಲ್ಲಿ ಬರೆದುಕೊಳ್ಳಬೇಕು. ಪರಿಣಾಮ ತಿಳಿಯದೆ, ಯಾರದೋ ಭರವಸೆ ನಂಬಿ ಒಪ್ಪಿಕೊಂಡದ್ದು ದಾಖಲೆಯಿಂದಲೇ ಕಾಣುವಂತಿದ್ದರೆ ಆ ಒಪ್ಪಿಗೆಯನ್ನೇ ಪ್ರಶ್ನಿಸುವ ದಾರಿ ಇದೆ.

ಪ್ರಶ್ನೆ: ನನ್ನ ಗಂಡನಿಗೆ 6 ಕೆ.ಜಿ. ಗಾಂಜಾ ಪ್ರಕರಣದಲ್ಲಿ ಏಳು ವರ್ಷ ಸಜೆಯಾಗಿ ಎರಡು ವರ್ಷ ಕಳೆದಿದೆ. ದುಡ್ಡಿಲ್ಲದೆ ಮೇಲ್ಮನವಿ ಹಾಕಲಿಲ್ಲ. ಈಗ ಅವಧಿ ಮೀರಿ ಹೋಯಿತೇ?
— ಕೂಲಿ ಕಾರ್ಮಿಕ ಮಹಿಳೆ, ರಾಯಚೂರು ಜಿಲ್ಲೆ

ಉತ್ತರ: ಅವಧಿ ಮೀರಿದೆ, ದಾರಿ ಮುಚ್ಚಿಲ್ಲ. ಸಾಕಷ್ಟು ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಕಾಲಮಿತಿ ಕಾಯ್ದೆಯ 5ನೇ ಕಲಮಿನಡಿ ಹೈಕೋರ್ಟಿಗೆ ಇದೆ. ಜೈಲಿನಲ್ಲಿರುವ ಬಡವನು ವಕೀಲರಿಲ್ಲದೆ ತಡಮಾಡಿದ ಎಂಬುದು ಕೇಳಬೇಕಾದ ಕಾರಣವೇ. ವಕೀಲರಿಗೆ ನೀವು ಹಣ ಹೊಂದಿಸಬೇಕಾಗಿಲ್ಲ. ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ನಿಮ್ಮ ಗಂಡ ಜೈಲಿನ ಅಧಿಕಾರಿಯ ಮೂಲಕವೇ ಮೇಲ್ಮನವಿ ಮತ್ತು ನೆರವಿನ ಅರ್ಜಿ ಕಳುಹಿಸಬಹುದು. ನೀವು ರಾಯಚೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಬಹುದು, ಅಥವಾ 15100ಕ್ಕೆ ಕರೆ ಮಾಡಬಹುದು. ರಾಯಚೂರು ಜಿಲ್ಲೆಯ ಮೇಲ್ಮನವಿ ಕಲಬುರಗಿ ಪೀಠಕ್ಕೆ ಹೋಗುತ್ತದೆ.

ನಿಮ್ಮ ಪ್ರಕರಣ ಅಲ್ಪ ಮತ್ತು ವಾಣಿಜ್ಯ ಪ್ರಮಾಣಗಳ ನಡುವಿನ, ಅಂದರೆ ಮಧ್ಯಮ ಪ್ರಮಾಣದ್ದು ಎಂಬುದು ಆಸೆ ಇಟ್ಟುಕೊಳ್ಳಬಹುದಾದ ವಿಷಯ. ಇದಕ್ಕೆ ಕನಿಷ್ಠ ಶಿಕ್ಷೆ ಇಲ್ಲ. 37ನೇ ಕಲಮಿನ ಕಠಿಣ ಷರತ್ತುಗಳೂ ಅನ್ವಯಿಸುವುದಿಲ್ಲ. ವಿಳಂಬ ಮನ್ನಾ ಅರ್ಜಿಯ ಜೊತೆಗಿನ ಪ್ರಮಾಣಪತ್ರದಲ್ಲಿ ‘ಬಡತನದಿಂದ ತಡವಾಯಿತು’ ಎಂದು ಒಂದೇ ಸಾಲು ಬರೆಯಿಸಬೇಡಿ. ತೀರ್ಪಿನ ಪ್ರತಿ ಯಾವಾಗ ಕೈಸೇರಿತು, ಹಿಂದಿನ ವಕೀಲರು ಏನು ಹೇಳಿದರು, ಮೇಲ್ಮನವಿಯ ಹಕ್ಕನ್ನಾಗಲೀ ಉಚಿತ ವಕೀಲರನ್ನಾಗಲೀ ಕುರಿತು ಜೈಲಿನಲ್ಲಿ ಯಾರಾದರೂ ತಿಳಿಸಿದರೇ, ಈ ಎರಡು ವರ್ಷ ಮನೆ ಹೇಗೆ ನಡೆಯಿತು ಎಂಬುದನ್ನು ನಡೆದಂತೆ, ದಿನಾಂಕ ಗೊತ್ತಿರುವ ಕಡೆ ದಿನಾಂಕದೊಂದಿಗೆ ಬರೆಯಿಸಿ. ಜೈಲಿನಿಂದ ನಿಮ್ಮ ಗಂಡನ ಬಂಧನದ ಅವಧಿಯ ಪ್ರಮಾಣಪತ್ರವನ್ನೂ ತರಿಸಿ ಲಗತ್ತಿಸಿ. ಶಿಕ್ಷೆಯ ಅಮಾನತು ಕೇಳುವಾಗಲೂ ಅದು ಬೇಕಾಗುತ್ತದೆ.